ದೊಡ್ಡ ಬ್ಯಾಗಲ್ಲಿಟ್ಟರೆ ಅದು ಬ್ಯಾಕಪ್ಪೇ ಅಲ್ಲ

ಕುಮಾರ ಪರ್ವತದ ಚಾರಣಕ್ಕೆ ಕಟ್ಟಿದ ಬ್ಯಾಗ್ ಅಂತ ನೀವು ಹಾಕಿದ ಪೋಸ್ಟಿನ ಫೋಟೊ ನೋಡಿದೆ. ಹೆಡ್‌ಲ್ಯಾಂಪ್, ಪವರ್ ಬ್ಯಾಂಕ್, ಲೈಟರ್, ವಿಸಿಲ್ ಎಲ್ಲ ಇದೆ, ಸಂತೋಷ. ಆದರೆ ಕೆಳಗೆ "ಬ್ಯಾಗ್ ಭಟ್ಟರ ಮನೆಯಲ್ಲಿಟ್ಟು, ಮೊಬೈಲು, ನೀರಿನ ಬಾಟ್ಲಿ ಹಿಡ್ಕೊಂಡು ತುದಿ ಹತ್ತೋದು" ಅಂತ ಬರೆದಿದ್ದೀರಲ್ಲ. ಅಲ್ಲ ಮಾರಾಯ್ರೇ, ದಾರಿ ತಪ್ಪೋದು ನಡುದಾರಿಯಲ್ಲಿ ಸಿಗೋ ಆ ಭಟ್ಟರ ಜಗಲಿಯಲ್ಲೋ, ಮೇಲೆ ತುದಿ ಹತ್ತಿರದ ಶೇಷ ಪರ್ವತದ ಮಂಜಿನಲ್ಲೋ? ನಾನೂ ಇದೇ ತಪ್ಪು ಮಾಡಿದವನೇ, ಅದಕ್ಕೇ ಬೈಯ್ತಿರೋದು.

ದಾರಿ ತಪ್ಪಿ ರಾತ್ರಿ ಕಳೆಯಬೇಕಾದರೆ ಬೇಕಾಗೋದನ್ನೆಲ್ಲ ಹಾಕಿ ಸೊಂಟಕ್ಕೊಂದು ಪೌಚ್ ಕಟ್ಟಿ, ಅರ್ಧ ಕೆಜಿ ದಾಟದ ಹಾಗೆ. ಸ್ನಾನಕ್ಕೆ ಬಿಟ್ಟರೆ ಬಿಚ್ಚಬಾರದು. ಅದರಲ್ಲಿ ಮೊದಲು ಹೋಗಬೇಕಾದ್ದು 120 ಲೀಟರಿನ ದಪ್ಪ ಕಸದ ಕವರ್, ಎರಡು. ಬೆಳ್ಳಿ ಬಣ್ಣದ ಫಾಯಿಲ್ ಹೊದಿಕೆ ಗಾಳಿಗೆ ಪರಪರ ಹರಿಯುತ್ತೆ, ನನಗೆ ನಂಬಿಕೆಯಿಲ್ಲ. ಕವರಿನ ತಳದ ಒಂದು ಮೂಲೆಯಲ್ಲಿ ಮುಖದಷ್ಟೇ ತೂತು ಕತ್ತರಿಸಿ, ತಲೆ ಮೇಲಿಂದ ಹಾಕಿಕೊಂಡು, ಮಂಡಿ ಮಡಚಿ ಕೂತುಬಿಡಿ. ಮೂಗು ಬಾಯಿ ಹೊರಗಿರಲೇಬೇಕು. ಉಸಿರು ಕಟ್ಟೋದು ಒಂದು, ಉಸಿರಿನ ಹಬೆ ಒಳಗೇ ನೀರಾಗಿ ಬಟ್ಟೆ ನೆನೆಯೋದು ಇನ್ನೊಂದು. ಎರಡನೇ ಕವರಿಗೆ ತರಗೆಲೆ ತುಂಬಿ ಕೆಳಗೆ ಹಾಕಿಕೊಳ್ಳಿ. ಬರಿ ನೆಲವೂ ಮೈ ಶಾಖ ಎಳೆಯುತ್ತೆ.

ಬೆಂಕಿ ಎರಡನೇದು. ಪುಷ್ಪಗಿರಿ ಅಭಯಾರಣ್ಯ ಅದು, ಬೆಂಕಿ ಹಾಕೋದು ಅಪರಾಧ. ಹುಲ್ಲು ಒಣಗಿದ ಮೇಲಂತೂ ಇಡೀ ಗುಡ್ಡ ಹೊತ್ತುತ್ತೆ. ಜೀವಕ್ಕೇ ಬಂದಾಗ ಮಾತ್ರ. ಟಕ್ ಅನ್ನೋ ಲೈಟರ್ ಒದ್ದೆಯಾದರೆ ಕೈಕೊಡುತ್ತೆ. ಚಕ್ರ ಉಜ್ಜುವಂಥದ್ದೇ ತಗೊಳ್ಳಿ: ನೀರು ಕೊಡವಿ, ಊದಿ, ಚಕ್ರವನ್ನು ಒಣ ಬಟ್ಟೆಗೆ ಹತ್ತಿಪ್ಪತ್ತು ಸಲ ಉಜ್ಜಿದರೆ ಮತ್ತೆ ಕಿಡಿ ಬರುತ್ತೆ. ಜೊತೆಗೆ ಬೆರಳುದ್ದದ ನಾಲ್ಕು ಸೈಕಲ್ ಟ್ಯೂಬ್ ತುಂಡು. ನೆಂದರೂ ಉರಿಯುತ್ತೆ, ಹೊಗೆ ಮಾತ್ರ ಕುಡಿಯಬೇಡಿ. ಕರ್ಪೂರ ಇಡೋರು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕಾಗದದ ಪೊಟ್ಟಣದಲ್ಲಿಟ್ಟರೆ ಬೇಕಾದಾಗ ಪರಿಮಳ ಮಾತ್ರ ಉಳಿದಿರುತ್ತೆ!

ಹೆಡ್‌ಲ್ಯಾಂಪಿಗೆ ಎನರ್ಜೈಸರ್ ಲಿಥಿಯಂ ಸೆಲ್ಲೇ ನನ್ನ ಆಯ್ಕೆ. ದುಬಾರಿ, ಆದರೆ ಹಗುರ, ವರ್ಷಗಟ್ಟಲೆ ಕೆಡಲ್ಲ. ಮಾಮೂಲಿ ಆಲ್ಕಲೈನ್ ಒಳಗೇ ಬಿಟ್ಟರೆ ಸೋರಿ ಬಿಳಿ ಪುಡಿ ಕಟ್ಟುತ್ತೆ. ಹತ್ತಿ ಕಡ್ಡಿಗೆ ನಿಂಬೆರಸ ಅದ್ದಿ ಒರೆಸಿ, ಚೆನ್ನಾಗಿ ಒಣಗಿಸಿ. ಹಳೇ ಸೆಲ್ಲು ಹೊಸ ಸೆಲ್ಲು ಬೆರೆಸಬೇಡಿ. ಸೆಲ್ಲಿಗೂ ತಗಡಿಗೂ ನಡುವೆ ಕಾಗದದ ಚೂರು ಸಿಕ್ಕಿಸಿಟ್ಟರೆ ಪೌಚಲ್ಲೇ ಹೊತ್ತಿಕೊಂಡು ಖಾಲಿಯಾಗೋದು ತಪ್ಪುತ್ತೆ. ಮೊಬೈಲ್ ಟಾರ್ಚ್ ನಂಬಿ ಇಳಿಯೋರಿಗೆ ಒಂದು ಕೈಯೂ ಹೋಯಿತು, ಫೋನೂ ಹೋಯಿತು.

ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ (ಬ್ಯಾಟರಿ ಸಾಮರ್ಥ್ಯದ ಅಳತೆ) ಅಂತ ಬರೆದಿದ್ದರೂ 5,000ದ ಬ್ಯಾಟರಿಯ ಫೋನನ್ನು ಎರಡು ಸಲ ತುಂಬಿಸಲ್ಲ, ಒಂದೂವರೆಗೆ ಲೆಕ್ಕ ಹಾಕಿ. ಕೆಡೋದು ಪವರ್ ಬ್ಯಾಂಕಿಗಿಂತ ಕೇಬಲ್ಲೇ ಜಾಸ್ತಿ, ಗೇಣುದ್ದದ್ದು ಇನ್ನೊಂದಿರಲಿ. ಬ್ಯಾಕಪ್ಪಿಗೆ ಹಳೇ 2ಜಿ ಬಟನ್ ಸೆಟ್ ಒಯ್ಯುವವರೇ, ಅದರಲ್ಲಿ ಜಿಯೊ ಸಿಮ್ ನಡೆಯಲ್ಲ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ತುರ್ತು ನಂಬರ್ 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಸಿಕ್ಕಿದರೆ ಹೋಗುತ್ತೆ.

ವಿಸಿಲ್ ಒಳಗೆ ಗುಂಡು ಇಲ್ಲದ್ದು ತಗೊಳ್ಳಿ, ಮಳೆಗೆ ಗುಂಡು ಅಂಟಿಕೊಳ್ಳುತ್ತೆ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು ಕಿವಿಗೊಡಿ, ಮತ್ತೆ ಊದಿ. ಸುಮ್ಮನಿರೋದೂ ಮುಖ್ಯ, ಇಲ್ಲಾಂದ್ರೆ ಓಗೊಟ್ಟದ್ದು ಕೇಳಲ್ಲ.

ಇದೇ ಪೌಚನ್ನು ಶಿರಾಡಿ, ಚಾರ್ಮಾಡಿ ಘಾಟಿಯ ಓಡಾಟಕ್ಕೂ ಇಟ್ಟುಕೊಳ್ಳಿ, ಗುಡ್ಡ ಕುಸಿದು ರಸ್ತೆ ಬಂದ್ ಆದರೆ ರಾತ್ರಿ ಗಾಡಿಯಲ್ಲೇ. ಆದರೆ ಬಿಸಿಲಲ್ಲಿ ನಿಂತ ಕಾರೊಳಗೆ ಪವರ್ ಬ್ಯಾಂಕ್, ಲೈಟರ್ ಎರಡೂ ಬಿಡಬೇಡಿ.

ಇನ್ನು ಆ ದೊಡ್ಡ ಬ್ಯಾಗ್. ಅದು ಭಟ್ಟರ ಮನೆಯಲ್ಲೇ ಇರಲಿ, ಅಡ್ಡಿಯಿಲ್ಲ. ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಅಂತ ಚೀಟಿ ಬರೆದು ಅಲ್ಲಿ ಕೊಟ್ಟು ಹತ್ತಿ.