ಮುಯ್ಯಿ ಪುಸ್ತಕ ಮತ್ತು ಮದುವೆಯ ಸಾಲ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮಗಳ ಮದುವೆಗೆ ಆಸ್ತಿ ಮಾರಲು ಹೊರಟು ನಿದ್ದೆಗೆಟ್ಟ ತಂದೆಯರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಪ್ರತಿ ವರ್ಷವೂ ಬರುತ್ತಾರೆ. ಇವರು ಅವರಲ್ಲೊಬ್ಬರು.

ತುಮಕೂರು ಕಡೆಯವರು, ನಿವೃತ್ತಿಗೆ ಹತ್ತಿರವಾದ ನೌಕರರು. ಹುಡುಗನದು ಬೆಂಗಳೂರಿನ ಅನುಕೂಲಸ್ಥ ಮನೆತನ. ಊರಿನ ಕಡೆ ಛತ್ರದಲ್ಲಿ ಮದುವೆ, ಬೆಂಗಳೂರಿನಲ್ಲಿ ಇನ್ನೊಂದು ಆರತಕ್ಷತೆ. ಚೀಟಿ ಕೂಗಿ, ಒಡವೆ ಅಡವಿಡಲು ನಿಶ್ಚಯಿಸಿ, ಅದೂ ಸಾಲದೆ ತೆಂಗಿನ ತೋಟವನ್ನು ಮಾರಲು ಮಾತುಕತೆ ನಡೆಸಿದ್ದರು.

"ಗಂಡಿನ ಕಡೆಯವರು ಏನಾದರೂ ಕೇಳಿದ್ದಾರೆಯೇ?" ಎಂದೆ. ವರದಕ್ಷಿಣೆ 1961ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಈ ಪ್ರಶ್ನೆಯನ್ನು ಮೊದಲೇ ಕೇಳುತ್ತೇನೆ.

"ಇಲ್ಲ ಮೇಡಂ. ನಿಮ್ಮ ಘನತೆಗೆ ತಕ್ಕಂತೆ ಮದುವೆ ಮಾಡಿಕೊಡಿ ಎಂದಿದ್ದಾರೆ, ಅಷ್ಟೆ."

ಮೊತ್ತ ಹೇಳಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು. ಘನತೆಗೆ ಲೆಕ್ಕ ಎಲ್ಲಿಂದ ತರುವುದು? ದಕ್ಷಿಣ ಭಾರತದ ಹಳ್ಳಿಗಳ ಮದುವೆ ಖರ್ಚನ್ನು ಕುರಿತು ಫ್ರಾನ್ಸಿಸ್ ಬ್ಲಾಕ್, ವಿಜಯೇಂದ್ರ ರಾವ್ ಮತ್ತು ಸೊನಾಲ್ಡೆ ದೇಸಾಯಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಅದರ ಪ್ರಕಾರ, ಊರ ಹೊರಗಿನ ಸಿರಿವಂತ ಸಂಬಂಧ ಕುದುರಿದಾಗ ಹೆಣ್ಣಿನ ಮನೆಯವರು ಅದ್ಧೂರಿತನಕ್ಕೆ ಹೆಚ್ಚು ಸುರಿಯುತ್ತಾರೆ. ಬೀಗರ ಅಂತಸ್ತನ್ನು ಊರಿಗೆ ತೋರಿಸಲು ಅವರಿಗಿರುವ ದಾರಿ ಅದು. ಈ ತಂದೆಯ ವಿಷಯದಲ್ಲೂ ಅದೇ ಆಗಿತ್ತು.

ಮೂರನೆಯ ಭೇಟಿಗೆ ಅವರ ಹೆಂಡತಿ ಮುಯ್ಯಿ ಪುಸ್ತಕ ತಂದರು. ಯಾರ ಮನೆಯ ಮದುವೆಗೆ ಎಷ್ಟು ಮುಯ್ಯಿ ಮಾಡಿದ್ದೇವೆ ಎಂಬ ವರ್ಷಗಳ ಲೆಕ್ಕ ಅದರಲ್ಲಿತ್ತು.

"ಇಷ್ಟೂ ಮನೆಗಳಲ್ಲಿ ಉಂಡು ಬಂದಿದ್ದೇನೆ. ಈಗ ಕೈ ಬಿಗಿ ಹಿಡಿದರೆ ಮುಖ ತೋರಿಸುವುದು ಹೇಗೆ? ಅಲ್ಲದೆ, ಕೊಟ್ಟ ಮುಯ್ಯಿ ವಾಪಸು ಬಂದೇ ಬರುತ್ತದೆ. ಅದರಲ್ಲಿ ಅರ್ಧ ಸಾಲ ತೀರುತ್ತದೆ" ಎಂದರು ಆತ.

ಆಕೆ ಪುಟ ತಿರುಗಿಸುತ್ತಲೇ ಹೇಳಿದರು: "ಹಿಂದಿನ ಪುಟಗಳಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಎಂದು ಬರೆದಿದೆ. ನಮ್ಮ ಮದುವೆಯಲ್ಲಿ ಅದೇ ಅಡುಗೆಯಾಯಿತು. ಈಗ ಬರುವ ಮುಯ್ಯಿ ಛತ್ರದವನಿಗೆ, ಅಲಂಕಾರದವನಿಗೆ ಹೋಗುತ್ತದೆ. ಅವರೇನು ನಮಗೆ ಮುಯ್ಯಿ ಮಾಡುತ್ತಾರೆಯೇ? ನೀವು ನಿವೃತ್ತರಾದ ಮೇಲೆ ಇವರೆಲ್ಲರ ಮಕ್ಕಳ ಮದುವೆಗೆ ಹಿಂದಿರುಗಿಸುವವರು ಯಾರು?"

ಆತ ಬಹಳ ಹೊತ್ತು ಮಾತನಾಡಲಿಲ್ಲ. ಆ ಹೆಣ್ಣುಮಗಳ ಮಾತಿನಲ್ಲಿದ್ದ ಅರ್ಥಶಾಸ್ತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬ್ಯಾಂಕು ದೂರವಿದ್ದ ಕಾಲದಲ್ಲಿ ಒಂದು ಮನೆಯ ಭಾರವನ್ನು ಹತ್ತು ಮನೆಗಳು ಹೊರಲು ಮಾಡಿಕೊಂಡ ಏರ್ಪಾಡು ಮುಯ್ಯಿ. ಕೊಟ್ಟದ್ದು ಅದೇ ಬಳಗದೊಳಗೆ ಸುತ್ತುತ್ತಿತ್ತು. ಈಗ ಹಣವೆಲ್ಲ ಬಳಗದ ಆಚೆಗೆ ಹರಿದುಹೋಗುತ್ತದೆ, ಋಣ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಅಷ್ಟೇ ಅಲ್ಲ, ಆ ಋಣವನ್ನು ನಾವು ಆದಾಯದ ಸಾಲಿನಲ್ಲಿ ಬರೆದುಕೊಳ್ಳುತ್ತೇವೆ. ಮನುಷ್ಯ ಒಂದೇ ಹಣವನ್ನು ಮನಸ್ಸಿನ ಬೇರೆಬೇರೆ ಖಾತೆಗಳಲ್ಲಿ ಇಟ್ಟು ಬೇರೆಬೇರೆಯಾಗಿ ಕಾಣುತ್ತಾನೆಂದು ರಿಚರ್ಡ್ ಥೇಲರ್ ವಿವರಿಸಿದ್ದಾರೆ. ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಮದುವೆಯ ಸಾಲ ಎಷ್ಟೋ ಮನೆಗಳಲ್ಲಿ ಸಾಲದ ಖಾತೆಗೇ ಸೇರುವುದಿಲ್ಲ.

ನಾನು ಕೊಟ್ಟ ಸಲಹೆ ಇದು. ತೋಟ ಮಾರಬೇಡಿ. ಮುಯ್ಯಿಯನ್ನು ನಂಬಿ ಯಾರಿಗೂ ಮುಂಗಡ ಕೊಡಬೇಡಿ. ಪುಸ್ತಕದಲ್ಲಿರುವ ಪ್ರತಿ ಮನೆಯವರನ್ನೂ ಕರೆದು ಹೊಟ್ಟೆ ತುಂಬ ಊಟ ಹಾಕಿ. ಕೈ ಬಿಗಿ ಹಿಡಿಯುವುದಿದ್ದರೆ ವೇದಿಕೆ, ಡ್ರೋನ್ ಚಿತ್ರೀಕರಣ, ಬೆಂಗಳೂರಿನ ಸಭಾಂಗಣದಲ್ಲಿ ಹಿಡಿಯಿರಿ. ನಮ್ಮ ಶಕ್ತಿ ಇಷ್ಟೇ ಎಂದು ಮಗಳೇ ಹುಡುಗನೊಂದಿಗೆ ಮಾತನಾಡಲಿ; ಆ ಮಾತಿಗೆ ಅವನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಅವಳಿಗೆ ಮದುವೆಗೆ ಮೊದಲೇ ಗೊತ್ತಾಗಬೇಕು.

ಆಪ್ತಸಲಹೆಗಾರರು ಹಣದ ವಿಷಯಕ್ಕೆ ಕೈ ಹಾಕಬಾರದೆಂದು ಹೇಳುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಸಾಲದ ಕಂತು ಕೆಡಿಸಿದ ನಿದ್ದೆಗೆ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಟ್ಟು ಕಳುಹಿಸುವುದು ನನ್ನಿಂದಾಗದು. "ಜನರ ಮಾತಿಗೆ ಕಿವಿಗೊಡಬೇಡಿ" ಎಂದೂ ಹೇಳುವುದಿಲ್ಲ. ಆ ಜನರ ನಡುವೆಯೇ ಅವರು ನಾಳೆಯೂ ಬದುಕಬೇಕು.

ಹುಡುಗ ತಾನಾಗಿಯೇ ಬೆಂಗಳೂರಿನ ಆರತಕ್ಷತೆಯ ಖರ್ಚನ್ನು ವಹಿಸಿಕೊಂಡ. ತೋಟ ಉಳಿಯಿತು. ಒಡವೆ ಅಡವಿಡುವುದನ್ನು ಮಾತ್ರ ಆ ತಂದೆ ಬಿಡಲಿಲ್ಲ. ಮದುವೆಯಾದ ಮೇಲೂ ದಂಪತಿ ಬರುತ್ತಿದ್ದಾರೆ; ಈಗ ಕಂತಿನ ಲೆಕ್ಕವನ್ನು ಆಕೆಯೇ ಇಟ್ಟಿದ್ದಾರೆ.