ನಲಿಕಲಿ ಸಂಶೋಧನೆ: ಐದೂ ಗುಂಪು ನಡೆದರೂ ಮಕ್ಕಳು ಏಣಿಯಲ್ಲಿ ಮುಂದೆ ಹೋಗಿಲ್ಲ ಅಂದರೆ

ನಲಿಕಲಿ, ಅಂದರೆ ಕರ್ನಾಟಕದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಲ್ಲಿ ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡ್‌ಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ, ಅದರ ಸಂಶೋಧನೆಗೆ ತರಗತಿ ನೋಡಿ ಬಂದು ಹೀಗೇಕೆ ಎಂದು ಕೇಳಿದ್ದೀರಿ. ನೀವು ನೋಡಿದ್ದು ಬಹುಶಃ ನಿಮಗಾಗಿಯೇ ಸಿದ್ಧವಾದ ಪಾಠ. ತರಬೇತಿಯಲ್ಲಿ ಹೇಳಿದಂತೆ ಐದೂ ಗುಂಪು ನಡೆಯುತ್ತಿವೆ, ಮಕ್ಕಳು ಮಾತ್ರ ಕಲಿಕಾ ಏಣಿಯಲ್ಲಿ (ಕಲಿಯಬೇಕಾದ ಹಂತಗಳನ್ನು ಕ್ರಮವಾಗಿ ತೋರಿಸುವ ಪಟ್ಟಿ) ನಿಂತಲ್ಲೇ ಇದ್ದಾರೆ ಎಂದಿದ್ದೀರಿ. ಸಿಆರ್‌ಪಿ (ಸುತ್ತಲಿನ ಶಾಲೆಗಳ ಮೇಲ್ವಿಚಾರಣೆ ಮಾಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಜೊತೆ ಹೋಗಿದ್ದಿರಾ? ಹಾಗಾದರೆ ಶಿಕ್ಷಕರಿಗೆ ಅದು ತಪಾಸಣೆ ಅಂತಲೇ ಲೆಕ್ಕ. ಅವರನ್ನು ದೂರಿ ಫಲವಿಲ್ಲ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪತ್ರ ಹಿಡಿದು ಒಬ್ಬರೇ ಹೋಗಿ. ಮುಖ್ಯ ಶಿಕ್ಷಕರಿಗೆ ಯಾವ ವಾರ ಎಂದು ಹೇಳಿ, ದಿನ ಹೇಳಬೇಡಿ. ಮೊದಲ ಭೇಟಿಯಲ್ಲಿ ಟಿಪ್ಪಣಿ ಪುಸ್ತಕ ತೆಗೆಯದೆ ಸುಮ್ನೆ ಮಕ್ಕಳ ಜೊತೆ ಕೂತುಬಿಡಿ. ಆಮೇಲೆ ಶಿಕ್ಷಕರನ್ನಲ್ಲ, ಒಂದು ಮಗುವನ್ನು ಗಮನಿಸಿ: ಯಾವ ಕಾರ್ಡ್ ತೆಗೆದುಕೊಂಡಿತು, ಯಾವ ತಟ್ಟೆಯಲ್ಲಿ (ಗುಂಪಿನ ಜಾಗ) ಕೂತಿತು, ಎಷ್ಟು ಹೊತ್ತು ಕೆಲಸವಿಲ್ಲದೆ ಕಾಯಿತು. 1ರಿಂದ 3ನೇ ತರಗತಿ ಒಟ್ಟಿಗಿರುವ ಕಡೆ ಈ ಕಾಯುವ ಹೊತ್ತೇ ಜಾಸ್ತಿ ಹೇಳುತ್ತದೆ.

ಪ್ರಗತಿನೋಟದಲ್ಲಿ (ಮಕ್ಕಳ ಕಲಿಕೆ ಗುರುತಿಸುವ ಪಟ್ಟಿ) ಆ ಮಗು ಮುಗಿಸಿದೆ ಎಂದಿರುವ ಮೈಲಿಗಲ್ಲಿನ, ಅಂದರೆ ಏಣಿಯ ಆ ಹಂತದ, ಕಾರ್ಡನ್ನೇ ಓದಿಸಿ ನೋಡಿ. ಓದಲಾಗದಿದ್ದರೆ ಗುರುತು ಮೊದಲೇ ಬಿದ್ದಿರಬಹುದು, ಮಗು ಮರೆತಿರಲೂಬಹುದು. ಹಾಜರಿ ಪುಸ್ತಕ ನೋಡದೆ ತೀರ್ಮಾನ ಬೇಡ.

ಶಿಕ್ಷಕರ ಸಂದರ್ಶನ ಕೊನೆಗಿರಲಿ. "ತರಬೇತಿ ಉಪಯೋಗವಾಯಿತಾ?" ಎಂದರೆ ಹೌದು ಎನ್ನದವರು ಯಾರು? "ನಿನ್ನೆ ಸ್ವಕಲಿಕೆ ಗುಂಪಿನಲ್ಲಿ ಯಾರ್ಯಾರಿದ್ದರು?" ಎಂದು ಕೇಳಿ (ಐದರಲ್ಲಿ ಮಕ್ಕಳು ತಾವೇ ಕಲಿಯುವ ಗುಂಪು ಅದು).