ಕಿಟ್ಟಕ್ಕೂ ಬೆಲೆ ಇದೆ

ಪ್ರಶ್ನೆ: ನಮ್ಮ ತಂದೆ ಮನೆ ಹಿಂದಿನ ಕುಲುಮೆಯಲ್ಲಿ ಕಂಚಿನ ಎರಕ ಹೊಯ್ಯುತ್ತಾರೆ. ಸಮುದ್ರದ ತಳದಲ್ಲಿ ಸಿಗುವ ಉಂಡೆಗಳನ್ನು ಕರಗಿಸಿದರೆ ನೇರವಾಗಿ ಮಿಶ್ರಲೋಹವೇ ಬರುತ್ತದಂತೆ, ನಿಜವಾ ಸರ್? ನಮ್ಮ ಮೂಸೆಯಲ್ಲಿ ಆಗುತ್ತಾ?
– ಓದುಗ, ನಾಗಮಂಗಲ

ಉತ್ತರ: ನಿಜ. ಆದರೆ ಮನೆ ಮೂಸೆಯಲ್ಲಿ ಆಗುವ ಕೆಲಸ ಅಲ್ಲ.

ನಿಮ್ಮ ತಂದೆಯವರು ಕರಗಿಸುವ ತಾಮ್ರ, ತವರ ಆಗಲೇ ಲೋಹ. ಈ ಉಂಡೆ ಹಾಗಲ್ಲ, ಒಂಥರಾ ತುಕ್ಕಿನ ಉಂಡೆ. ಸುಮ್ನೆ ಕಾಯಿಸಿದರೆ ಸಾಲದು. ಕಲ್ಲಿದ್ದಲು ಸೇರಿಸಿ ಅದರೊಳಗಿನ ಆಮ್ಲಜನಕವನ್ನು ಕಿತ್ತು ತೆಗೆಯಬೇಕು.

ಮಜಾ ಇರುವುದು ಇಲ್ಲೇ. ತಾಮ್ರ, ನಿಕ್ಕಲ್, ಕೋಬಾಲ್ಟ್ ಆಮ್ಲಜನಕವನ್ನು ಬೇಗ ಬಿಟ್ಟುಕೊಡುತ್ತವೆ. ಮ್ಯಾಂಗನೀಸ್ ಹಟಮಾರಿ. ಹಾಗಾಗಿ ಇದ್ದಲನ್ನು ಅಳೆದು ಹಾಕಿ, ವಿದ್ಯುತ್ ಕುಲುಮೆಯಲ್ಲಿ 1400 ಡಿಗ್ರಿ ದಾಟಿಸಿದರೆ, ಆ ಮೂರೂ ಒಂದಿಷ್ಟು ಕಬ್ಬಿಣದ ಜೊತೆ ಬೆರೆತು ತಳಕ್ಕಿಳಿಯುತ್ತವೆ. ಮ್ಯಾಂಗನೀಸ್ ಮೇಲೆ ತೇಲುವ ಕಿಟ್ಟದಲ್ಲೇ ಉಳಿಯುತ್ತದೆ. ಇದ್ದಲು ಜಾಸ್ತಿಯಾಯಿತೋ, ಮ್ಯಾಂಗನೀಸೂ ಇಳಿದು ಎಲ್ಲ ಕಲಸುಮೇಲೋಗರ.

ಮೈಸೂರಿನ ಹೆಬ್ಬಾಳದ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷ ಕಿಟ್ಟ ಕೆರೆದು ಗುಂಡಿಗೆ ಸುರಿದವನು ನಾನು. ಈ ಉಂಡೆಯ ಕಿಟ್ಟವನ್ನು ಹಾಗೆ ಸುರಿದರೆ ಕೆಲಸದಿಂದ ತೆಗೆಯುತ್ತಾರೆ. ಹಿಂದೂ ಮಹಾಸಾಗರದ ಒಣ ಉಂಡೆ ನೂರು ಕಿಲೋ ತಗೊಂಡರೆ ಮ್ಯಾಂಗನೀಸೇ ಸುಮಾರು 24 ಕಿಲೋ. ನಿಕ್ಕಲ್, ತಾಮ್ರ ತಲಾ ಒಂದು ಕಿಲೋ ಆಸುಪಾಸು. ಕೋಬಾಲ್ಟ್ ನೂರಿನ್ನೂರು ಗ್ರಾಂ, ಅಷ್ಟೇ. ಆ ಕಿಟ್ಟಕ್ಕೆ ಬೆಣಚುಕಲ್ಲು, ಇನ್ನಷ್ಟು ಇದ್ದಲು ಹಾಕಿ ಮತ್ತೆ ಕಾಯಿಸಿದರೆ ಸಿಲಿಕೋಮ್ಯಾಂಗನೀಸ್ ಅನ್ನೋ ಮಿಶ್ರಲೋಹ. ಉಕ್ಕಿನ ಕಾರ್ಖಾನೆಯವರಿಗೆ ಬೇಕೇಬೇಕು.

ತಳಕ್ಕಿಳಿದ ಮಿಶ್ರಲೋಹದಲ್ಲಿ ಗಂಟೆ, ವಿಗ್ರಹ ಹೊಯ್ಯುವ ಆಸೆ ಇದ್ದರೆ ಬಿಟ್ಟುಬಿಡಿ. ಅದನ್ನು ಆಮ್ಲದಲ್ಲಿ ಕರಗಿಸಿ ಒಂದೊಂದೇ ಲೋಹ ತೆಗೆಯುತ್ತಾರೆ.

ಇನ್ನೊಂದು ಮಾತು, ತಂದೆಯವರಿಗೂ ಹೇಳಿ. ಉಂಡೆಯ ತುಂಬಾ ಸಣ್ಣ ಸಣ್ಣ ತೂತು, ಸ್ಪಂಜಿನ ಹಾಗೆ ನೀರು ಹಿಡಿದಿರುತ್ತದೆ. ಚೆನ್ನಾಗಿ ಒಣಗಿಸದೆ ಕರಗಿದ ಲೋಹಕ್ಕೆ ಹಾಕಿದರೆ ಸಿಡಿಯುತ್ತದೆ. ಒಂದು ಮಳೆಗಾಲದಲ್ಲಿ ತೇವದ ಗುಜರಿ ಹಾಕಿದ್ದೆ. ನನ್ನದೇ ಅವಸರ. ಎಡ ಮಣಿಕಟ್ಟಿನ ಮೇಲೆ ಎಂಟಾಣೆ ಅಗಲದ ಕಲೆ ಈಗಲೂ ಇದೆ.

ಈ ಉಂಡೆಗಳನ್ನು ನಮ್ಮ ದೇಶದ ‘ಗವೇಷಣಿ’ ಎಂಬ ಸಂಶೋಧನಾ ಹಡಗಿನವರು ಹಿಂದೂ ಮಹಾಸಾಗರದಿಂದ 1981ರಲ್ಲೇ ಎತ್ತಿ ತಂದಿದ್ದರು. ಅಲ್ಲಿ ಹುಡುಕಾಟಕ್ಕೆ ನಮ್ಮ ದೇಶಕ್ಕೆ 75,000 ಚದರ ಕಿಲೋಮೀಟರ್ ಜಾಗ ಸಿಕ್ಕಿದೆ. ಆಳ ಐದು ಕಿಲೋಮೀಟರ್ ಆಸುಪಾಸು. ಎಲ್ಲಾದರೂ ಪ್ರದರ್ಶನದಲ್ಲಿ ಕತ್ತರಿಸಿದ ಉಂಡೆ ಕಂಡರೆ ಬಗ್ಗಿ ನೋಡಿ. ಈರುಳ್ಳಿ ಥರ ಪದರ ಪದರ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆದದ್ದು. ನಡುವೆ ಕೆಲವೊಮ್ಮೆ ಶಾರ್ಕ್ ಮೀನಿನ ಹಲ್ಲು ಇರುತ್ತದೆ.